ಮೇಲೊಂದು ಕ್ಲಬ್ ಅಲುಗಿದರೆ ಕೆಳಗೆಷ್ಟು ಅಲುಗುತ್ತವೆ? ಇಂಗ್ಲಿಷ್ ರಗ್ಬಿಯ ಕೆಳಹಂತದ ಲೀಗುಗಳ ಲೆಕ್ಕ

ಇಂಗ್ಲೆಂಡಿನ ರಗ್ಬಿ ಯೂನಿಯನ್‌ನ ಎರಡನೇ ಹಂತದ ಲೀಗಿನಲ್ಲಿ 2024–25ರಲ್ಲಿ 12 ಕ್ಲಬ್ಬುಗಳಿದ್ದವು. 2025–26ಕ್ಕೆ ಅದೇ ಲೀಗ್ 'ಚಾಂಪ್ ರಗ್ಬಿ' ಎಂಬ ಹೊಸ ಹೆಸರಿನಲ್ಲಿ 14 ಕ್ಲಬ್ಬುಗಳೊಂದಿಗೆ ಶುರುವಾಯಿತು. ಹಳೆಯ ಹನ್ನೆರಡೂ ಉಳಿದುಕೊಂಡವು, ಕೊನೆಯ ಸ್ಥಾನದಲ್ಲಿದ್ದ ಕ್ಲಬ್ಬೂ ಕೆಳಗಿಳಿಯಲಿಲ್ಲ. ಹೊಸದಾಗಿ ಸೇರಿದ ಎರಡರಲ್ಲಿ ರಿಚ್ಮಂಡ್ ಮೂರನೇ ಹಂತದ ಲೀಗ್ ಗೆದ್ದು ಬಂದದ್ದು. ಇನ್ನೊಂದಾದ ವೂಸ್ಟರ್ ವಾರಿಯರ್ಸ್ 2022ರಲ್ಲಿ ದಿವಾಳಿಯಾಗಿತ್ತು, ಹಿಂದಿನ ಋತುವಿನಲ್ಲಿ ಯಾವ ಲೀಗಿನಲ್ಲೂ ಅದು ಒಂದು ಪಂದ್ಯವನ್ನೂ ಆಡಿರಲಿಲ್ಲ.

ಸೋತವರು ಇಳಿಯದೆ, ಆಡದವರು ನೇರವಾಗಿ ಎರಡನೇ ಹಂತಕ್ಕೆ ಬಂದದ್ದು ಹೇಗೆ ಎಂದು ಹಲವರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಲಿನ ಎರಡು ಹಂತಗಳನ್ನಷ್ಟೇ ನೋಡಿದರೆ ಉತ್ತರದ ಅರ್ಧ ಭಾಗ ಮಾತ್ರ ಸಿಗುತ್ತದೆ. ಮೇಲೆ ತೆಗೆದುಕೊಂಡ ಇಂಥ ಒಂದೊಂದು ನಿರ್ಧಾರಕ್ಕೂ ಮೂರು, ನಾಲ್ಕು, ಐದನೇ ಹಂತಗಳಲ್ಲಿ ಯಾವುದೋ ಕ್ಲಬ್ಬು ಉಳಿಯುತ್ತದೆ, ಇಲ್ಲವೇ ಇಳಿಯುತ್ತದೆ. ಆ ಕ್ಲಬ್ಬುಗಳ ಹೆಸರು ಸುದ್ದಿಯಲ್ಲಿ ಬರುವುದೇ ಇಲ್ಲ.

ಮೆಟ್ಟಿಲುಗಳು ಹೇಗಿವೆ

ಇದು ಒಂದು ಕಡೆ 15 ಮಂದಿ ಆಡುವ ರಗ್ಬಿ ಯೂನಿಯನ್. 13 ಮಂದಿಯ ರಗ್ಬಿ ಲೀಗ್ ಬೇರೆಯದೇ ಆಟ, ಅದರ ಆಡಳಿತವೂ ಬೇರೆ. ಯೂನಿಯನ್ ಆಟವನ್ನು ಇಂಗ್ಲೆಂಡಿನಲ್ಲಿ ನಡೆಸುವುದು 1871ರಲ್ಲಿ ಹುಟ್ಟಿದ ರಗ್ಬಿ ಫುಟ್‌ಬಾಲ್ ಯೂನಿಯನ್, ಅಂದರೆ ಆರ್‌ಎಫ್‌ಯು.

ತುತ್ತತುದಿಯಲ್ಲಿ ಪ್ರೀಮಿಯರ್‌ಶಿಪ್ ಇದೆ. ಅದರ ಕೆಳಗಿನ ಚಾಂಪಿಯನ್‌ಶಿಪ್ಪೇ ಈಗಿನ ಚಾಂಪ್ ರಗ್ಬಿ. ಮೂರನೇ ಹಂತ ನ್ಯಾಷನಲ್ ಲೀಗ್ 1. ಇಡೀ ದೇಶಕ್ಕೆ ಒಂದೇ ಆದ ಲೀಗುಗಳಲ್ಲಿ ಇದು ಕೊನೆಯದು, ಇದರಲ್ಲಿ 14 ಕ್ಲಬ್ಬುಗಳಿವೆ. ನಾಲ್ಕನೇ ಹಂತದಿಂದ ನಕ್ಷೆಗೆ ಗೆರೆ ಬೀಳುತ್ತದೆ: ನ್ಯಾಷನಲ್ ಲೀಗ್ 2 ಪೂರ್ವ, ಉತ್ತರ ಮತ್ತು ಪಶ್ಚಿಮ ಎಂದು ಮೂರು ವಿಭಾಗ, ಒಂದೊಂದರಲ್ಲಿ 14, ಒಟ್ಟು 42 ಕ್ಲಬ್ಬುಗಳು. ಐದನೇ ಹಂತದಲ್ಲಿ 'ರೀಜನಲ್ 1' ಹೆಸರಿನ ಆರು ಲೀಗುಗಳಿದ್ದು, ಒಂದೊಂದರಲ್ಲಿ 12 ಕ್ಲಬ್ಬುಗಳು ಆಡುತ್ತವೆ. ಅದರ ಕೆಳಗೆ ರೀಜನಲ್ 2, ಮತ್ತೂ ಕೆಳಗೆ ಕೌಂಟಿ ಲೀಗುಗಳು.

ಈ ರೂಪ ಬಂದದ್ದು 2022ರಲ್ಲಿ. ಅದಕ್ಕೂ ಮುಂಚೆ ನಾಲ್ಕನೇ ಹಂತದಲ್ಲಿ ಉತ್ತರ ಮತ್ತು ದಕ್ಷಿಣ ಎಂಬ ಎರಡೇ ವಿಭಾಗಗಳಿದ್ದು, ಒಂದೊಂದರಲ್ಲಿ 16 ಕ್ಲಬ್ಬುಗಳಿದ್ದವು. ಮೂರನೇ ಹಂತದಲ್ಲೂ 16. ಹದಿನಾರು ಕ್ಲಬ್ಬುಗಳೆಂದರೆ ಒಂದೊಂದಕ್ಕೂ ಋತುವಿಗೆ 30 ಪಂದ್ಯ, ಹದಿನಾಲ್ಕಾದರೆ 26. ನಾಲ್ಕು ಶನಿವಾರ ಉಳಿಸುವುದು, ಪ್ರಯಾಣವನ್ನು ಮೊಟಕುಗೊಳಿಸುವುದು ಬದಲಾವಣೆಯ ಉದ್ದೇಶವಾಗಿತ್ತು. ಈ ಹಂತದ ಬಹುಪಾಲು ಆಟಗಾರರು ವಾರವಿಡೀ ಬೇರೆ ಕೆಲಸಕ್ಕೆ ಹೋಗುವವರು. ಕೆಲವರಿಗೆ ಪಂದ್ಯಕ್ಕೆ ಇಷ್ಟೆಂದು ಹಣ ಸಿಗುತ್ತದೆ, ಹಲವರಿಗೆ ಅದೂ ಇಲ್ಲ. ನಾಲ್ಕು ಶನಿವಾರ ಉಳಿದರೆ ಗಾಯ ಮಾಯಲು ನಾಲ್ಕು ವಾರ ಸಿಕ್ಕಂತೆ.

ಗೆಲುವು ಕಡಿಮೆ, ಸ್ಥಾನ ಮೇಲೆ: ಪಾಯಿಂಟ್ ಪಟ್ಟಿ ಓದುವ ಬಗೆ

ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಅದಕ್ಕೆ 5 ಅಂಕ, ಅದರ ಬೆನ್ನಿಗೆ ಸಿಗುವ ಕನ್ವರ್ಷನ್ ಕಿಕ್‌ಗೆ 2, ಪೆನಾಲ್ಟಿ ಕಿಕ್‌ಗೂ ಡ್ರಾಪ್ ಗೋಲ್‌ಗೂ ತಲಾ 3. ಇವು ಪಂದ್ಯದೊಳಗಿನ ಅಂಕಗಳು. ಲೀಗ್ ಪಟ್ಟಿಯ ಲೆಕ್ಕ ಬೇರೆ: ಗೆದ್ದರೆ 4 ಪಾಯಿಂಟ್, ಡ್ರಾ ಆದರೆ 2, ಸೋತರೆ ಸೊನ್ನೆ. ಇದರ ಮೇಲೆ ಎರಡು ಬಗೆಯ ಬೋನಸ್ ಇದೆ. ನಾಲ್ಕು ಅಥವಾ ಹೆಚ್ಚು ಟ್ರೈ ಹೊಡೆದರೆ, ಗೆದ್ದರೂ ಸೋತರೂ 1 ಪಾಯಿಂಟ್. ಏಳು ಅಥವಾ ಕಡಿಮೆ ಅಂಕಗಳ ಅಂತರದಲ್ಲಿ ಸೋತರೆ ಇನ್ನೊಂದು.

ಹಾಗಾಗಿ ಸೋತ ತಂಡವೂ ಒಂದು ಮಧ್ಯಾಹ್ನದಲ್ಲಿ 2 ಪಾಯಿಂಟ್ ಗಳಿಸಬಹುದು. ಇದರ ಪರಿಣಾಮ ಎಷ್ಟು ದೊಡ್ಡದೆಂದು ಕಾಲ್ಪನಿಕ ಕ್ಲಬ್ಬುಗಳೆರಡನ್ನು ಇಟ್ಟುಕೊಂಡು ನೋಡೋಣ. 'ಅ' ಕ್ಲಬ್ 26 ಪಂದ್ಯಗಳಲ್ಲಿ 12 ಗೆದ್ದು 14 ಸೋತಿದೆ. ಅದು ಸ್ಕ್ರಮ್ (ಎರಡೂ ಕಡೆಯ ಎಂಟೆಂಟು ಮಂದಿ ಹೆಗಲು ಕೊಟ್ಟು ತಳ್ಳಾಡಿ ಚೆಂಡು ಗೆಲ್ಲುವ ಪಟ್ಟು) ಮತ್ತು ಪೆನಾಲ್ಟಿ ಕಿಕ್ ನಂಬಿ ಆಡುವ ತಂಡ, ಟ್ರೈ ಬೋನಸ್ ಬಂದದ್ದು ಮೂರೇ ಬಾರಿ, ಕಡಿಮೆ ಅಂತರದ ಸೋಲಿನ ಬೋನಸ್ ಎರಡು ಬಾರಿ. ಒಟ್ಟು 48 ಮತ್ತು 5 ಸೇರಿ 53. 'ಬ' ಕ್ಲಬ್ ಗೆದ್ದದ್ದು ಹತ್ತೇ, ಸೋತದ್ದು 16. ಆದರೆ ಒಂಬತ್ತು ಪಂದ್ಯಗಳಲ್ಲಿ ನಾಲ್ಕು ಟ್ರೈ ದಾಟಿದೆ, ಎಂಟು ಸೋಲು ಏಳು ಅಂಕಗಳೊಳಗಿನವು. 40 ಮತ್ತು 17 ಸೇರಿ 57. ಎರಡು ಗೆಲುವು ಕಡಿಮೆಯಿದ್ದರೂ 'ಬ' ಮೇಲೆ ನಿಲ್ಲುತ್ತದೆ, ಇಳಿಯುವ ಗೆರೆ ಇವೆರಡರ ನಡುವೆ ಬಿದ್ದರೆ ಇಳಿಯುವುದು 'ಅ'. ಪಾಯಿಂಟ್ ಸಮವಾದಾಗ ಮಾತ್ರ ಗೆಲುವಿನ ಸಂಖ್ಯೆ ಮೊದಲು ಎಣಿಕೆಗೆ ಬರುತ್ತದೆ, ಆಮೇಲೆ ಅಂಕಗಳ ಅಂತರ.

ಮಾರ್ಚ್ ತಿಂಗಳಲ್ಲಿ ಕೆಳಸಾಲಿನ ತಂಡ ಹದಿನೆಂಟು ಅಂಕ ಹಿಂದಿದ್ದೂ ಕೊನೆಯ ನಿಮಿಷದವರೆಗೆ ಟ್ರೈಗಾಗಿ ಹೋರಾಡುವುದು ಈ ಕಾರಣಕ್ಕೆ. ಪಂದ್ಯ ಕೈಬಿಟ್ಟಿರುತ್ತದೆ, ನಾಲ್ಕನೇ ಟ್ರೈ ಇನ್ನೂ ಕೈಗೆಟಕುವಂತಿರುತ್ತದೆ.

ಕ್ಲಬ್ಬೊಂದು ಮುಳುಗಿದಾಗ ನಡೆಯುವುದು

ಈಗಿನ ಗೊಂದಲದ ಬೇರು 2022ರಲ್ಲಿದೆ. ಆ ವರ್ಷ ಪ್ರೀಮಿಯರ್‌ಶಿಪ್ 13 ಕ್ಲಬ್ಬುಗಳೊಂದಿಗೆ ಆರಂಭವಾಯಿತು. ಸೆಪ್ಟೆಂಬರ್ ಕೊನೆಗೆ ವೂಸ್ಟರ್ ಅಮಾನತಾಯಿತು. ಅಕ್ಟೋಬರ್ ಮೊದಲ ವಾರ ಅದರ ಆಟಗಾರರ ಕಂಪನಿಯನ್ನು ಹೈಕೋರ್ಟ್ ಮುಚ್ಚಿಸಿತು, ಎಲ್ಲರ ಕರಾರುಗಳೂ ಅಲ್ಲಿಗೇ ರದ್ದಾದವು. ಅದೇ ತಿಂಗಳು ವಾಸ್ಪ್ಸ್ ಕ್ಲಬ್ಬೂ ದಿವಾಳಿಯಾಗಿ ಆಡಳಿತಾಧಿಕಾರಿಗಳ ಕೈ ಸೇರಿತು. 2023ರ ಜೂನ್‌ನಲ್ಲಿ ಲಂಡನ್ ಐರಿಷ್ ಅಮಾನತಾಯಿತು. ಹತ್ತೇ ತಿಂಗಳಲ್ಲಿ 13 ಹತ್ತಾಯಿತು. 2023ರ ಸೆಪ್ಟೆಂಬರ್ ಕೊನೆಯಲ್ಲಿ ಎರಡನೇ ಹಂತದ ಹಾಲಿ ಚಾಂಪಿಯನ್ ಜೆರ್ಸಿ ರೆಡ್ಸ್ ಕೂಡ ಬಾಗಿಲು ಹಾಕಿತು.

ಋತುವಿನ ನಡುವೆ ಕ್ಲಬ್ಬೊಂದು ನಿಂತರೆ ಮೊದಲ ಪೆಟ್ಟು ಬೀಳುವುದು ಪಾಯಿಂಟ್ ಪಟ್ಟಿಗೆ. ವೂಸ್ಟರ್ ಮತ್ತು ವಾಸ್ಪ್ಸ್ ಆಡಿದ್ದ ಪಂದ್ಯಗಳ ಫಲಿತಾಂಶಗಳನ್ನು ಅಳಿಸಿಹಾಕಲಾಯಿತು. ಅವುಗಳ ವಿರುದ್ಧ ಬೋನಸ್ ಸಹಿತ ಗೆದ್ದವರು 5 ಪಾಯಿಂಟ್ ಕಳೆದುಕೊಂಡರು, ಬೋನಸ್ ಕೂಡ ಸಿಗದೆ ಸೋತವರು ಏನನ್ನೂ ಕಳೆದುಕೊಳ್ಳಲಿಲ್ಲ. ಹಾಗೆಂದು ಅಳಿಸದೆ ಬಿಟ್ಟರೆ, ಆ ಕ್ಲಬ್ಬನ್ನು ಎದುರಿಸಿದವರಿಗೂ ಎದುರಿಸದವರಿಗೂ ಪಂದ್ಯಗಳ ಸಂಖ್ಯೆಯೇ ಸಮವಿರುವುದಿಲ್ಲ. ಎರಡರಲ್ಲಿ ಅಳಿಸುವುದೇ ಕಡಿಮೆ ಕೆಟ್ಟ ದಾರಿ.

ಎರಡನೇ ಪೆಟ್ಟು ಜೇಬಿಗೆ. 12 ಕ್ಲಬ್ಬುಗಳ ಲೀಗಿನಲ್ಲಿ ಒಂದೊಂದಕ್ಕೂ ತವರಿನಲ್ಲಿ 11 ಪಂದ್ಯ. ಜೆರ್ಸಿ ಹೋದದ್ದರಿಂದ ಅದು ಹತ್ತಕ್ಕಿಳಿಯಿತು. ಟಿಕೆಟ್, ಪಂದ್ಯಕ್ಕೆ ಮುಂಚಿನ ಊಟ, ಬಾರ್, ಆ ದಿನದ ಪ್ರಾಯೋಜಕರು, ಈ ನಾಲ್ಕೂ ಹನ್ನೊಂದರಲ್ಲಿ ಒಂದು ಪಾಲು ಕಡಿಮೆಯಾದವು, ಸಂಬಳ ಮಾತ್ರ ಹಾಗೆಯೇ ಉಳಿಯಿತು. ಇದಕ್ಕೂ ಮೂರು ವರ್ಷ ಹಿಂದೆ, 2020ರಲ್ಲಿ, ಈ ಹಂತದ ಕ್ಲಬ್ಬಿಗೆ ಆರ್‌ಎಫ್‌ಯು ಕೊಡುತ್ತಿದ್ದ ವಾರ್ಷಿಕ ಹಣ ಸರಾಸರಿ 5,34,000 ಪೌಂಡುಗಳಿಂದ 2,88,000ಕ್ಕೆ ಕುಸಿದಿತ್ತು. ಹಾಗಾಗಿ ಒಂದೇ ಒಂದು ತವರು ಪಂದ್ಯ ತಪ್ಪಿದ್ದೂ ಸಣ್ಣ ವಿಷಯವಾಗಿರಲಿಲ್ಲ.

ಮೂರನೇ ಪರಿಣಾಮ ನಿಧಾನವಾಗಿ ಕೆಳಕ್ಕೆ ಹರಿಯುತ್ತದೆ.

ಹದಿನಾಲ್ಕರ ಲೆಕ್ಕ

ನ್ಯಾಷನಲ್ ಲೀಗ್ 1ರಲ್ಲಿ 14 ಕ್ಲಬ್ಬುಗಳೇ ಇರಬೇಕು ಎಂದಿಟ್ಟುಕೊಳ್ಳಿ. ಸಾಮಾನ್ಯ ವರ್ಷದಲ್ಲಿ ಚಾಂಪಿಯನ್ ಕ್ಲಬ್ ಮೇಲೆ ಹೋಗುತ್ತದೆ, ಮೇಲಿಂದ ಒಂದು ಇಳಿದು ಬರುತ್ತದೆ. ನಾಲ್ಕನೇ ಹಂತದ ಮೂರು ವಿಭಾಗಗಳ ಮೂರು ಚಾಂಪಿಯನ್‌ಗಳು ಏರಿ ಬರುತ್ತವೆ. 14ರಿಂದ ಒಂದು ಕಳೆದು ನಾಲ್ಕು ಕೂಡಿಸಿದರೆ 17. ಹದಿನಾಲ್ಕಕ್ಕೆ ತರಲು ಮೂರು ಕ್ಲಬ್ಬುಗಳು ಇಳಿಯಲೇಬೇಕು, ಅಂದರೆ 12, 13 ಮತ್ತು 14ನೇ ಸ್ಥಾನದವು.

ಈಗ ಮೇಲಿನ ಹಂತದಲ್ಲಿ ಕ್ಲಬ್ಬೊಂದು ದಿವಾಳಿಯಾಗಿ ಜಾಗ ಖಾಲಿಯಾಯಿತು, ಅಥವಾ ಲೀಗನ್ನೇ ಹಿಗ್ಗಿಸಿದರು ಎನ್ನೋಣ. ಮೇಲಿಂದ ಯಾರೂ ಇಳಿಯುವುದಿಲ್ಲ. ಲೆಕ್ಕ 16ಕ್ಕೆ ನಿಲ್ಲುತ್ತದೆ, ಇಳಿಯಬೇಕಾದವು ಎರಡೇ. ಹನ್ನೆರಡನೇ ಸ್ಥಾನದ ಕ್ಲಬ್ಬು ತಾನು ಏನೂ ಮಾಡದೆ ಉಳಿದುಕೊಳ್ಳುತ್ತದೆ.

ಇದು ನಾಲ್ಕನೇ ಹಂತಕ್ಕೂ ಮುಟ್ಟುತ್ತದೆ. ಅಲ್ಲಿಂದ ಮೂರು ಏರುತ್ತವೆ, ಕೆಳಗಿನ ಆರು ಪ್ರಾದೇಶಿಕ ಲೀಗುಗಳ ಚಾಂಪಿಯನ್‌ಗಳು ಬರುತ್ತವೆ. ಮೇಲಿಂದ ಮೂರು ಇಳಿದರೆ 42ನ್ನು ಕಾಪಾಡಲು ಆರು ಕ್ಲಬ್ಬುಗಳು ಹೊರಹೋಗಬೇಕು, ಎರಡೇ ಇಳಿದರೆ ಐದು ಸಾಕು. ಪ್ಲೇ ಆಫ್ ಮೂಲಕ ಏರುವವರೂ ಇದ್ದರೆ ಸಂಖ್ಯೆ ಮತ್ತೆ ಬದಲಾಗುತ್ತದೆ. ಮೇಲೆ ಉಳಿದ ಒಂದು ಕ್ಲಬ್ಬಿಗಾಗಿ ಕೆಳಗೆ ಹಂತಕ್ಕೊಂದರಂತೆ ಒಂದೊಂದು ಕ್ಲಬ್ಬಿನ ಹಣೆಬರಹ ಬದಲಾಗುತ್ತದೆ. ಈ ಸರಪಳಿ ಕೌಂಟಿ ಲೀಗಿನ ತನಕ ಹೋಗುತ್ತದೆ.

ಆದ್ದರಿಂದ ಮುಖ್ಯವಾದದ್ದು ನಿರ್ಧಾರ ಯಾವಾಗ ಹೊರಬರುತ್ತದೆ ಎಂಬುದು. 'ಈ ವರ್ಷ ಎರಡೇ ಕ್ಲಬ್ಬು ಇಳಿಯುತ್ತವೆ' ಎಂದು ಸೆಪ್ಟೆಂಬರ್‌ನಲ್ಲೇ ಗೊತ್ತಿದ್ದರೆ ಹನ್ನೆರಡನೆಯವರು ಸಾಲ ಮಾಡಿ ಜನವರಿಯಲ್ಲಿ ಸ್ಕ್ರಮ್‌ನ ಮುಂದಿನ ಸಾಲಿಗೆ ಇನ್ನೊಬ್ಬ ಪ್ರಾಪ್ ಆಟಗಾರನನ್ನು ತರುವುದಿಲ್ಲ. ಋತುವಿನ ನಡುವೆ ಗೊತ್ತಾದರೆ ಆ ಹಣ ಆಗಲೇ ಖರ್ಚಾಗಿರುತ್ತದೆ. ದಿವಾಳಿ ಯಾವಾಗ ಬರುತ್ತದೆಂದು ಮುಂಗಡ ಹೇಳಲಾಗದು, ಅದು ಸರಿ. ಲೀಗನ್ನು ಹಿಗ್ಗಿಸುವುದು ಮಾತ್ರ ಯೋಜಿತ ಕೆಲಸ. ಅದನ್ನು ಮೊದಲ ಸೀಟಿ ಊದುವ ಮುಂಚೆಯೇ ಪ್ರಕಟಿಸಬೇಕು ಎಂಬ ಕೆಳಹಂತದವರ ಒತ್ತಾಯಕ್ಕೆ ಸರಿಯಾದ ಮರುವಾದವನ್ನು ಯಾರೂ ಮುಂದಿಟ್ಟಿಲ್ಲ.

ವೂಸ್ಟರ್ ಪರ, ರಿಚ್ಮಂಡ್ ನೆನಪು

ವೂಸ್ಟರನ್ನು ಎರಡನೇ ಹಂತಕ್ಕೆ ಸೇರಿಸಿಕೊಂಡವರ ವಾದವನ್ನು ತಳ್ಳಿಹಾಕುವಂತಿಲ್ಲ. ಸಿಕ್ಸ್‌ವೇಸ್ ಎಂಬ ದೊಡ್ಡ ಕ್ರೀಡಾಂಗಣ ಅಲ್ಲಿದೆ. ಕ್ಲಬ್ಬು ನಿಂತ ಮೇಲೆ ಅಭಿಮಾನಿಗಳು ಚದುರುತ್ತಿದ್ದರು, ಎಳೆಯ ಆಟಗಾರರು ಬೇರೆ ಕಡೆ ಹೋಗುತ್ತಿದ್ದರು. ವೂಸ್ಟರ್ ಬಂದರೆ ಎದುರಾಳಿ ಕ್ಲಬ್ಬಿನ ಅಂಗಳಕ್ಕೂ ಅದರ ಬೆಂಬಲಿಗರು ಬರುತ್ತಾರೆ, ಅಲ್ಲಿನ ಗಲ್ಲಾಪೆಟ್ಟಿಗೆಯೂ ತುಂಬುತ್ತದೆ. ದಿವಾಳಿಯಾದಾಗಲೂ ಅದಕ್ಕೆ ಕೊಟ್ಟ ಶಿಕ್ಷೆ ಎರಡನೇ ಹಂತಕ್ಕೆ ಹಿಂಬಡ್ತಿಯೇ ಆಗಿತ್ತು, ಈಗ ಅದೇ ಜಾಗಕ್ಕೆ ಬಂದಿದೆ ಎನ್ನುವುದು ಅವರ ಇನ್ನೊಂದು ಮಾತು.

ಎದುರು ನಿಂತವರಿಗೆ ಅದೇ ವರ್ಷ ಏರಿ ಬಂದ ರಿಚ್ಮಂಡ್‌ನ ಚರಿತ್ರೆಯೇ ಸಾಕ್ಷಿ. ಆರ್‌ಎಫ್‌ಯು ಹುಟ್ಟಲು ಬ್ಲ್ಯಾಕ್‌ಹೀತ್ ಜೊತೆ ಸೇರಿ ಪತ್ರಿಕೆಗೆ ಪತ್ರ ಬರೆದು ಕರೆ ಕೊಟ್ಟ ಕ್ಲಬ್ಬು ಅದು. ಆಟ ವೃತ್ತಿಪರವಾದ ಹೊಸತರಲ್ಲಿ, 1999ರಲ್ಲಿ, ಅದರ ವೃತ್ತಿಪರ ತಂಡವೂ ನೆರೆಯ ಲಂಡನ್ ಸ್ಕಾಟಿಷ್ ತಂಡವೂ ಹಣವಿಲ್ಲದೆ ಕುಸಿದು ಲಂಡನ್ ಐರಿಷ್ ಜೊತೆ ವಿಲೀನವಾದವು. ಉಳಿದ ರಿಚ್ಮಂಡ್ ಕ್ಲಬ್ಬಿಗೆ ಯಾರೂ ಮಧ್ಯದ ಮೆಟ್ಟಿಲು ಕೊಡಲಿಲ್ಲ. 2000ದಲ್ಲಿ ಲೀಗುಗಳ ತಳದಿಂದ ಶುರುಮಾಡಿ 2016ರಲ್ಲಿ ಎರಡನೇ ಹಂತ ತಲುಪಿತು, ಹದಿನಾರು ವರ್ಷದ ಏರುದಾರಿ. ಆಮೇಲೂ ಎರಡು ಬಾರಿ ಇಳಿದು, 2020 ಮತ್ತು 2025ರಲ್ಲಿ ನ್ಯಾಷನಲ್ ಲೀಗ್ 1 ಗೆದ್ದೇ ಮೇಲೆ ಬಂದಿತು. ಆ ಕ್ಲಬ್ಬಿಗೆ ಅನ್ವಯಿಸಿದ ನಿಯಮ ಇನ್ನೊಂದಕ್ಕೆ ಯಾಕಿಲ್ಲ ಎಂಬ ಪ್ರಶ್ನೆಯ ತೂಕ ಇಲ್ಲಿದೆ.

ಎರಡೂ ವಾದ ಒಟ್ಟಿಗೆ ನಿಜವಾಗಿರಬಹುದು. ವೂಸ್ಟರ್ ಬಂದದ್ದರಿಂದ ಎರಡನೇ ಹಂತಕ್ಕೆ ಲಾಭವಿದೆ. ಆದರೆ ಲಾಭವಾಗುವಾಗ ಮೆಟ್ಟಿಲು ತಪ್ಪಿಸಬಹುದು ಎಂದಾದರೆ, ಮೂರನೇ ಹಂತದಲ್ಲಿ ವರ್ಷಗಟ್ಟಲೆ ತಂಡ ಕಟ್ಟುತ್ತಿರುವವರಿಗೆ ಕಷ್ಟಪಟ್ಟು ಏರುವುದಕ್ಕಿಂತ ಹೂಡಿಕೆದಾರರನ್ನು ಹುಡುಕುವುದೇ ಜಾಣತನವಾಗಿ ಕಾಣತೊಡಗುತ್ತದೆ.

ಬೀಗ ಹಾಕಿದ ಮೇಲ್ಬಾಗಿಲು

ಎರಡನೇ ಹಂತವನ್ನು ಗೆದ್ದವರಿಗೂ ಮೇಲೆ ಹೋಗುವುದು ಖಾತ್ರಿಯಿಲ್ಲ. ಪ್ರೀಮಿಯರ್‌ಶಿಪ್ ಸೇರಲು ಕನಿಷ್ಠ ಅರ್ಹತೆಗಳ ಪಟ್ಟಿಯಿದೆ, ಅದರಲ್ಲಿ ಹೆಚ್ಚು ಜಗಳಕ್ಕೆ ಕಾರಣವಾದದ್ದು 2022ರಲ್ಲಿದ್ದ, 10,001 ಪ್ರೇಕ್ಷಕರ ಕ್ರೀಡಾಂಗಣ ಇರಬೇಕೆಂಬ ನಿಯಮ. ಪಶ್ಚಿಮ ಲಂಡನ್‌ನ ಈಲಿಂಗ್ ಟ್ರೇಲ್‌ಫೈಂಡರ್ಸ್ 2022ರಲ್ಲಿ ಲೀಗ್ ಗೆದ್ದರೂ ಈ ಗೋಡೆಗೆ ಬಡಿದು ಅಲ್ಲೇ ಉಳಿಯಿತು. 2021ರಲ್ಲಿ ಸ್ಯಾರಸೆನ್ಸ್ ಮೇಲೇರಿದ ನಂತರ 2025ರವರೆಗೆ ಒಂದೇ ಒಂದು ಕ್ಲಬ್ಬೂ ಆ ಬಾಗಿಲು ದಾಟಿಲ್ಲ. ಆ ಸ್ಯಾರಸೆನ್ಸ್ ಕೂಡ ಸಂಬಳದ ಮಿತಿ ಮೀರಿದ್ದಕ್ಕೆ ಒಟ್ಟು 105 ಪಾಯಿಂಟ್ ಕಳೆದುಕೊಂಡು ಒಂದು ವರ್ಷದ ಮಟ್ಟಿಗೆ ಕೆಳಗಿಳಿದಿದ್ದ ದೊಡ್ಡ ಕ್ಲಬ್ಬು.

ಮೇಲಿನ ಕ್ಲಬ್ಬುಗಳ ಮಾಲೀಕರು ಹೇಳುವುದು ಇಷ್ಟು: ಒಂದು ಕೆಟ್ಟ ಋತುವಿಗೆ ಆದಾಯವೆಲ್ಲ ಹೋಗುವುದಾದರೆ ಹಣ ಹಾಕುವವರು ಬರುವುದಿಲ್ಲ, 13 ಹತ್ತಾದದ್ದೇ ಅದಕ್ಕೆ ಪುರಾವೆ. ಕೆಳಗಿನವರ ಉತ್ತರ: ಏರುವ ಖಾತ್ರಿಯಿಲ್ಲದೆ ಹತ್ತು ಸಾವಿರ ಆಸನಗಳಿಗೆ ಸಾಲ ಕೊಡುವ ಬ್ಯಾಂಕ್ ಯಾವುದು? ಆಸನಗಳಿಲ್ಲದೆ ಏರುವಂತಿಲ್ಲ, ಏರದೆ ಆಸನ ಕಟ್ಟಲಾಗುವುದಿಲ್ಲ. ಮಾಲೀಕರ ಭಯ ಅರ್ಥವಾಗುವಂಥದ್ದು. ಆದರೆ ಮೂರು ಕ್ಲಬ್ಬುಗಳು ಮುಳುಗಿದ್ದು ಹಿಂಬಡ್ತಿಯಿಂದಲ್ಲ. 2020–21ರಿಂದ 2024–25ರ ತನಕ ಆಟದ ಫಲಿತಾಂಶದ ಆಧಾರದಲ್ಲಿ ಪ್ರೀಮಿಯರ್‌ಶಿಪ್‌ನಿಂದ ಯಾರೂ ಇಳಿದೇ ಇಲ್ಲ. ಆ ಕ್ಲಬ್ಬುಗಳು ಮುಳುಗಿದ್ದು ಆದಾಯಕ್ಕಿಂತ ಖರ್ಚು ಹೆಚ್ಚಾದದ್ದರಿಂದ.

ಒಂದು ಮೆಟ್ಟಿಲು ಏರಿದರೆ ನಿಯಮವೇ ಬೇರೆ

ನ್ಯಾಷನಲ್ ಲೀಗ್ 1ರಿಂದ ಏರುವ ತಂಡ ಟ್ಯಾಕಲ್ ಮಾಡುವ ಎತ್ತರವನ್ನೇ ಮತ್ತೆ ಕಲಿಯಬೇಕು. ತಲೆಗೆ ಬೀಳುವ ಪೆಟ್ಟು ತಗ್ಗಿಸಲು 2023–24ರಿಂದ ಮೂರನೇ ಹಂತ ಮತ್ತು ಅದರ ಕೆಳಗೆ, ಚೆಂಡು ಹಿಡಿದವನನ್ನು ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯುವಂತಿಲ್ಲ. ಮೇಲಿನ ಎರಡು ಹಂತಗಳಲ್ಲಿ ಮಿತಿ ಹೆಗಲ ಗೆರೆ. 2023ರ ಜನವರಿಯಲ್ಲಿ ಆರ್‌ಎಫ್‌ಯು ಮೊದಲು ಸೊಂಟದ ಮಟ್ಟ ಎಂದು ಪ್ರಕಟಿಸಿತ್ತು. ಕ್ಲಬ್ಬುಗಳು ತಿರುಗಿಬಿದ್ದ ಮೇಲೆ ಕ್ಷಮೆ ಕೇಳಿ ಮಿತಿಯನ್ನು ಸಡಿಲಿಸಿತು.

ಅಂಗಳದಲ್ಲಿ ಇದರ ವ್ಯತ್ಯಾಸ ದೊಡ್ಡದು. ಕೆಳಗೆ ಹಿಡಿಯಬೇಕಾದಾಗ ಎದುರಾಳಿಯ ತೋಳುಗಳು ಬಿಡುವಾಗಿಯೇ ಇರುತ್ತವೆ, ಬೀಳುತ್ತಾ ಪಕ್ಕದವನಿಗೆ ಚೆಂಡು ದಾಟಿಸಬಹುದು. ಮೇಲಿನ ಹಂತದಲ್ಲಿ ರಕ್ಷಕ ಎದೆಯ ಮಟ್ಟದಲ್ಲಿ ಚೆಂಡನ್ನೇ ಅಪ್ಪಿ ಬಂಧಿಸುತ್ತಾನೆ. ಕೆಳಹಂತದ ಹಾಗೆ ತೋಳು ಬಿಡುವಿರುತ್ತದೆಂದು ನಂಬಿ ಆಡಿದ ಹೊಸ ತಂಡ ಮೊದಲ ವಾರಗಳಲ್ಲಿ ಚೆಂಡು ಕಳೆದುಕೊಳ್ಳುತ್ತದೆ. ಇಳಿದು ಬಂದ ತಂಡದ ತೊಂದರೆ ಇದರ ತಿರುಗು: ರಕ್ಷಕರ ಹಳೆಯ ಅಭ್ಯಾಸಕ್ಕೆ ಪೆನಾಲ್ಟಿಯ ಮೇಲೆ ಪೆನಾಲ್ಟಿ ಬೀಳುತ್ತದೆ.

ಸ್ಕ್ರಮ್‌ನದು ಇನ್ನೊಂದು ತಲೆನೋವು. ಮುಂದಿನ ಸಾಲಿನ ಮೂವರೂ, ಅಂದರೆ ಇಬ್ಬರು ಪ್ರಾಪ್ ಮತ್ತು ಒಬ್ಬ ಹೂಕರ್, ಅದಕ್ಕೆಂದೇ ತರಬೇತಾದವರಿರಬೇಕು, ಇಲ್ಲದಿದ್ದರೆ ಕುತ್ತಿಗೆಗೆ ಅಪಾಯ. ಆದ್ದರಿಂದ ವಿಶ್ವ ರಗ್ಬಿಯ ನಿಯಮ ತಂಡದ ಗಾತ್ರಕ್ಕೆ ತಕ್ಕಂತೆ ಇಂಥವರ ಕನಿಷ್ಠ ಸಂಖ್ಯೆಯನ್ನು ಗೊತ್ತುಮಾಡಿದೆ: 16ರಿಂದ 18 ಮಂದಿಯಿದ್ದರೆ ನಾಲ್ವರು, 19ರಿಂದ 22ಕ್ಕೆ ಐವರು, 23ಕ್ಕೆ ಆರು. ಇಪ್ಪತ್ತು ಮಂದಿಯ ತಂಡದಲ್ಲಿ ಇಂಥ ಐವರೇ ಇದ್ದು, ಅವರಲ್ಲಿ ಪ್ರಾಪ್‌ಗಳು ಮೂವರೇ ಆಗಿ, ಇಬ್ಬರು ಪ್ರಾಪ್‌ಗಳಿಗೆ ಗಾಯವಾದರೆ ಸಾಲು ಮುಗಿದಂತೆಯೇ. ಆಮೇಲಿನ ಸ್ಕ್ರಮ್‌ಗಳಲ್ಲಿ ಯಾರೂ ತಳ್ಳುವಂತಿಲ್ಲ. ಸ್ಕ್ರಮ್ ಬಲದಿಂದಲೇ ಪಂದ್ಯ ಗೆಲ್ಲುವ ಎದುರಾಳಿಯ ಅಸ್ತ್ರವೂ ಅಲ್ಲಿಗೆ ಕೈತಪ್ಪುತ್ತದೆ. ಫೆಬ್ರವರಿಯಲ್ಲಿ ಕೆಳಹಂತದ ಕ್ಲಬ್ಬುಗಳು ಎಲ್ಲಕ್ಕಿಂತ ಹೆಚ್ಚು ಹುಡುಕುವುದು ಬಲಗಡೆಯ ಪ್ರಾಪ್‌ನನ್ನು.

ಪಂದ್ಯಗಳು ಮುಗಿಯದೇ ಉಳಿದರೆ

2020ರ ಮಾರ್ಚ್‌ನಲ್ಲಿ ಕೊರೋನಾ ಋತುವನ್ನು ನಡುವೆಯೇ ನಿಲ್ಲಿಸಿತು. ಆಗ ಬಡ್ತಿ, ಹಿಂಬಡ್ತಿ ನಿರ್ಧರಿಸಲು ಆರ್‌ಎಫ್‌ಯು ತವರು ಮತ್ತು ಹೊರಗಿನ ಪಂದ್ಯಗಳ ಸರಾಸರಿಯನ್ನು ಬೇರೆಬೇರೆ ತೆಗೆದು, ಉಳಿದ ಪಂದ್ಯಗಳಿಗೆ ಅನ್ವಯಿಸಿತು. ಉದಾಹರಣೆಗೆ, 30 ಪಂದ್ಯಗಳ ಲೀಗಿನಲ್ಲಿ ಒಂದು ಕ್ಲಬ್ ತವರಿನಲ್ಲಿ 12 ಆಡಿ 48 ಪಾಯಿಂಟ್, ಹೊರಗೆ 13 ಆಡಿ 39 ಗಳಿಸಿದೆ ಎನ್ನೋಣ. ಸರಾಸರಿ 4 ಮತ್ತು 3. ಉಳಿದದ್ದು ತವರಿನ ಮೂರು, ಹೊರಗಿನ ಎರಡು, ಅಂದರೆ 12 ಮತ್ತು 6. ಒಟ್ಟು 105. ಒಂದೇ ಸರಾಸರಿ ಹಿಡಿದಿದ್ದರೆ 104.4 ಬರುತ್ತಿತ್ತು. ವ್ಯತ್ಯಾಸ ಅರ್ಧ ಪಾಯಿಂಟಿಗಿಂತ ತುಸು ಹೆಚ್ಚು, ಅಷ್ಟರಲ್ಲೇ ಸ್ಥಾನ ಅದಲುಬದಲಾಗಬಹುದು. ತವರಿನ ಪಂದ್ಯಗಳು ಹೆಚ್ಚು ಉಳಿದವರಿಗೆ ಅನ್ಯಾಯವಾಗದಿರಲಿ ಎಂಬುದೇ ಈ ಸೂತ್ರದ ಉದ್ದೇಶ. ಮಂಜುಗಡ್ಡೆ ಕಟ್ಟಿದ ಅಂಗಳದಿಂದ ಜನವರಿಯ ಪಂದ್ಯಗಳು ಮುಂದಕ್ಕೆ ಹೋದಾಗ ಪಟ್ಟಿ ಓದುವುದಕ್ಕೂ ಇದೇ ಕ್ರಮ ಒಳ್ಳೆಯದು.

ಗೆರೆ ಎಲ್ಲಿ ಬೀಳುತ್ತದೆ

ಯಾರು ಇಳಿದರು ಎಂಬುದು ಖಚಿತವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಮೂರನೇ ಹಂತದಿಂದ ಇಳಿದವರೆಲ್ಲ ದಕ್ಷಿಣದವರೇ ಆದರೆ ನಾಲ್ಕನೇ ಹಂತದ ಉತ್ತರ ವಿಭಾಗದಲ್ಲಿ ಜಾಗ ಉಳಿಯುತ್ತದೆ, ಪೂರ್ವ ಅಥವಾ ಪಶ್ಚಿಮ ತುಂಬಿ ತುಳುಕುತ್ತದೆ. ಆಗ ನಡುನಾಡಿನ ಯಾವುದೋ ಕ್ಲಬ್ಬನ್ನು ಪಕ್ಕದ ವಿಭಾಗಕ್ಕೆ ತಳ್ಳಬೇಕಾಗುತ್ತದೆ. ಅದು ಗೆದ್ದಿರುವುದಿಲ್ಲ, ಸೋತಿರುವುದಿಲ್ಲ, ಗೆರೆಯ ಹತ್ತಿರ ಇದೆ ಅಷ್ಟೆ. ಅಲ್ಲಿಗೆ ಹಳೆಯ ನೆರೆಹೊರೆಯ ಪಂದ್ಯಗಳು ಹೋಗುತ್ತವೆ, ಜೊತೆಗೆ ಆ ದಿನದ ತುಂಬಿದ ಗಲ್ಲಾಪೆಟ್ಟಿಗೆಯೂ.

ಅಂಚಿನ ಕ್ಲಬ್ಬುಗಳಿಗೆ ಈ ಗೆರೆ ಇನ್ನೂ ದುಬಾರಿ. ಪೂರ್ವ ವಿಭಾಗದಲ್ಲಿ ಆಡಿರುವ ಗರ್ನ್‌ಸಿ ರೇಡರ್ಸ್ ದ್ವೀಪದ ಕ್ಲಬ್ಬು, ಹೊರಗಿನ ಪ್ರತಿ ಪಂದ್ಯಕ್ಕೂ ಕಡಲು ದಾಟಬೇಕು. ಪಶ್ಚಿಮ ವಿಭಾಗದಲ್ಲಿ ಆಡಿರುವ ರೆಡ್ರೂತ್ ಮತ್ತು ಕ್ಯಾಂಬೋರ್ನ್ ಕಾರ್ನ್‌ವಾಲಿನ ಅಕ್ಕಪಕ್ಕದ ಊರುಗಳು, ಅವೆರಡರ ನಡುವಿನ ಪಂದ್ಯಕ್ಕೆ ಹತ್ತು ಹದಿನೈದು ನಿಮಿಷದ ದಾರಿ. ಬರ್ಮಿಂಗ್‌ಹ್ಯಾಮ್‌ನ ಕಡೆ ಹೊರಟರೆ ಸುಮಾರು 400 ಕಿಲೋಮೀಟರ್. ಬಸ್ಸು ಬೆಳಗಿನ ಜಾವ ಹೊರಟರೆ ಮರಳುವುದು ನಡುರಾತ್ರಿಗೆ. ಭಾನುವಾರ ಪಾಳಿಯಿರುವ ಆಟಗಾರ ಅಂಥ ಶನಿವಾರ ಬರುವುದೇ ಇಲ್ಲ, ಅವನು ಪ್ರಾಪ್ ಆಗಿದ್ದರೆ ಮೇಲೆ ಹೇಳಿದ ಸ್ಕ್ರಮ್ ತೊಂದರೆ ಅಲ್ಲಿಂದಲೇ ಶುರು. ಆ ಕ್ಲಬ್ಬುಗಳ ಕಾರ್ಯದರ್ಶಿಗಳು ಏಪ್ರಿಲ್ ಕೊನೆಯಲ್ಲಿ ಪಾಯಿಂಟ್ ಪಟ್ಟಿಗಿಂತ ಹೆಚ್ಚು ಕಾಯುವುದು ಮುಂದಿನ ವರ್ಷ ಯಾರು ಯಾವ ವಿಭಾಗದಲ್ಲಿ ಎಂಬ ಪಟ್ಟಿಗಾಗಿ. ಬಸ್ಸಿನವರ ಜೊತೆ ದರ ಮಾತಾಡಲು ಆಗುವುದು ಅದು ಕೈಗೆ ಬಂದ ಮೇಲೆಯೇ.